ಗಲ್ಲಾದ ಪಕ್ಕದಲ್ಲೊಂದು ಹಿರಿಯರ ಕುರ್ಚಿ

ಮುಂಬಯಿ: ಉಡುಪಿ ಹೋಟೆಲುಗಳಿಗೆ ಮಧ್ಯಾಹ್ನದ ಮೂರು ಗಂಟೆಯೆಂದರೆ ಇಳಿತದ ಹೊತ್ತು. ಬೆಳಗ್ಗಿನ ಇಡ್ಲಿ-ವಡೆಯ ಗದ್ದಲ ಮುಗಿದು, ರೈಸ್ ಪ್ಲೇಟಿನ ನೂಕುನುಗ್ಗಲು ತಣ್ಣಗಾಗಿ, ಸಂಜೆಯ ದೋಸೆಗೆ ಕಾವಲಿ ಇನ್ನೂ ಕಾಯದಿರುವ ಒಂದೂವರೆ ತಾಸು. ಸಪ್ಲಾಯರುಗಳು ಒಳಗಿನ ಬೆಂಚಿನಲ್ಲಿ ಕುಳಿತು ಉಣ್ಣುತ್ತಾರೆ. ಭಟ್ಟರು ಪಂಚೆ ಕೊಡವಿಕೊಂಡು ಮಾಳಾ ಹತ್ತಿ ಕಾಲು ಚಾಚುತ್ತಾರೆ. ಗಲ್ಲಾದಲ್ಲಿ ಕುಳಿತವರಿಗೆ ಮೊಬೈಲ್ ನೋಡುವುದು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ.

ಲೋವರ್ ಪರೇಲಿನ ಒಂದು ಹಳೆಯ ಹೋಟೆಲಿನಲ್ಲಿ ಮಾತ್ರ ಈ ಹೊತ್ತಿನಲ್ಲಿ ಗಲ್ಲಾದ ಹಿಂದೆ ಒಂದಲ್ಲ, ಎರಡು ಕುರ್ಚಿಗಳು ಭರ್ತಿಯಾಗಿರುತ್ತವೆ. ಒಂದು ಚಕ್ರವಿರುವ ಹೊಸ ಕುರ್ಚಿ. ಇನ್ನೊಂದು ಮರದ್ದು, ಕೈಯಿರುವಂಥದ್ದು, ಕೂತು ಕೂತು ಕೈಗಳ ಬಣ್ಣ ಹೋಗಿರುವಂಥದ್ದು. ಮರದ ಕುರ್ಚಿಯಲ್ಲಿ ಕುಳಿತುಕೊಳ್ಳುವವರು ಎಂಬತ್ತರ ಹೊಸ್ತಿಲಲ್ಲಿರುವ ಹಿರಿಯರು. ಬಿಳಿ ಅಂಗಿ, ಕಿಸೆಯಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಅವರು ಹೋಟೆಲಿನ ಮಾಲಕರಲ್ಲ, ಮಾಲಕರ ಸಂಬಂಧಿಕರೂ ಅಲ್ಲ. ಇದೇ ಹೋಟೆಲಿನಲ್ಲಿ 1970ರಲ್ಲಿ ಕ್ಯಾಷಿಯರ್ ಆಗಿ ಸೇರಿ, ಮ್ಯಾನೇಜರ್ ಆಗಿ 2009ರಲ್ಲಿ ನಿವೃತ್ತರಾದವರು. ಭಟ್ಟರಿಂದ ಹಿಡಿದು ಎದುರಿನ ಪಾನ್ ಅಂಗಡಿಯವನ ತನಕ ಎಲ್ಲರಿಗೂ ಅವರು 'ಮಾಮ'. ಮರಾಠಿ ಗಿರಾಕಿಗೂ ಮಾಮಾ, ಹಿಂದಿಯವನಿಗೂ ಮಾಮಾ. ಈ ಮಹಾನಗರದಲ್ಲಿ ಅನುವಾದವೇ ಬೇಡದ ಸಂಬಂಧ ಇದೊಂದೇ ಇರಬೇಕು.

ಚಕ್ರದ ಕುರ್ಚಿಯಲ್ಲಿರುವವರು ಈಗಿನ ಮಾಲಕರು, 38ರ ಹರೆಯ, ಹೋಟೆಲ್ ಮ್ಯಾನೇಜ್‌ಮೆಂಟ್ ಪದವೀಧರ. ಊರವರಿಗೆಲ್ಲ ಅವರು ಶೇಟ್. ಮಾಮನಿಗೆ ಮಾತ್ರ 'ಮಾಣಿ'. ಕುಂದಾಪುರದ ಕಡೆಯವರಿಗೆ ಈ ಮಾತಿನ ಸಲಿಗೆ ವಿವರಿಸಬೇಕಿಲ್ಲ. ಹತ್ತು ಮಂದಿ ಗಿರಾಕಿಗಳ ಎದುರು "ಏ ಮಾಣಿ, ಆ ಬಿಲ್ಲ್ ಒಂಚೂರ್ ಕಾಣ್" ಎಂದು ಕರೆಸಿಕೊಳ್ಳುವಾಗ ಶೇಟ್ ಮುಖದಲ್ಲಿ ಮುಜುಗರ ಕಾಣಿಸುವುದಿಲ್ಲ. ಮೊದಮೊದಲು ಕಾಣಿಸುತ್ತಿತ್ತು ಎಂದು ಹಳೆಯ ಸಪ್ಲಾಯರೊಬ್ಬರು ಗುಟ್ಟು ಬಿಟ್ಟುಕೊಡುತ್ತಾರೆ. ಪತ್ರಿಕೆಯಲ್ಲಿ ಹೆಸರು ಬೇಡ ಎಂಬುದು ಇಬ್ಬರದೂ ಒಂದೇ ಮಾತು. ಹೆಸರಿಲ್ಲದಿದ್ದರೇನು, ಇಂಥ ಜೋಡಿಗಳನ್ನು ಹೋಟೆಲು, ಅಂಗಡಿ, ಕ್ಯಾಂಟೀನುಗಳಲ್ಲಿ ಕಂಡವರಿಗೆ ಗುರುತು ಹತ್ತದಿರದು.

ಘಟ್ಟ ಹತ್ತಿ ಬಂದವರು

ಮಾಮ ಮುಂಬಯಿಗೆ ಬಂದದ್ದು 1961ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ. ಆಗ ಕೊಂಕಣ ರೈಲು ಕನಸಿನಲ್ಲೂ ಇರಲಿಲ್ಲ. ಊರಿನಿಂದ ಬಸ್ಸಿನಲ್ಲಿ ಘಟ್ಟ ಹತ್ತಿ ಶಿವಮೊಗ್ಗ, ಅಲ್ಲಿಂದ ಬೀರೂರಿನಲ್ಲಿ ರೈಲು ಬದಲಿಸಿ ಪುಣೆ, ಪುಣೆಯಲ್ಲಿ ಇನ್ನೊಮ್ಮೆ ಬದಲಿಸಿ ಬೋರಿಬಂದರ್. ಜತೆಗೆ ಬಂದಿದ್ದ ಊರಿನ ಹಿರಿಯರೊಬ್ಬರು ಫೋರ್ಟಿನ ಒಂದು ಹೋಟೆಲಿನ ಹಿಂಬಾಗಿಲಲ್ಲಿ ಬಿಟ್ಟು ಹೋದರು. ಕಪ್ಪು-ಬಸಿ ತೊಳೆಯುವುದರಿಂದ ಶುರು. ಸಂಜೆ ಕನ್ನಡ ರಾತ್ರಿಶಾಲೆ. ಹಗಲೆಲ್ಲ ದುಡಿದು, ರಾತ್ರಿ ಒಂಬತ್ತರ ತನಕ ಪಾಠ ಕೇಳಿ, ಮತ್ತೆ ಹೋಟೆಲಿಗೆ ಬಂದು ಮೇಜುಗಳ ಮೇಲೆ ಹಾಸಿಗೆ ಬಿಚ್ಚುತ್ತಿದ್ದ ಆ ತಲೆಮಾರಿನ ಕತೆ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಬ್ಯಾಂಕಿನ ಅಧಿಕಾರಿಗಳು, ವಕೀಲರು, ಹೋಟೆಲ್ ಮಾಲಕರು ಎಷ್ಟೋ ಮಂದಿ ಅದೇ ಬೆಂಚುಗಳಿಂದ ಎದ್ದು ಬಂದವರು. ಮಾಮ ಎಸ್ಸೆಸ್ಸಿ ಮುಗಿಸಿ ಕ್ಯಾಷಿಯರ್ ಆದರು. ಅಲ್ಲಿಗೇ ನಿಂತರು. "ಮುಂದೆ ಓದೂಕೆ ಮನಸ್ಸಿತ್ತ್, ನಿದ್ದೆ ಬಿಡ್ಲಿಲ್ಲ" ಎಂದು ನಗುತ್ತಾರೆ.

ನಿವೃತ್ತಿಯಾದ ಮೇಲೆ ಏಳು ವರ್ಷ ಅವರು ಹೋಟೆಲಿನ ಕಡೆ ಅಪರೂಪಕ್ಕೆ ಬರುತ್ತಿದ್ದರು. ಥಾಣೆಯಲ್ಲಿ ಮಗನ ಮನೆ. ಬೆಳಿಗ್ಗೆ ವಾಕಿಂಗ್, ಮೊಮ್ಮಗಳನ್ನು ಶಾಲೆಯ ಬಸ್ಸು ಹತ್ತಿಸುವುದು, ಪತ್ರಿಕೆ, ಟಿವಿ. ಈ ನಡುವೆ ಹಳೆಯ ಮಾಲಕರು ತೀರಿಕೊಂಡರು. ಮಗ ಗಲ್ಲಾಕ್ಕೆ ಬಂದರು. ಹೊಸ ಹುರುಪಿನಲ್ಲಿ ಮೆನು ಬದಲಾಯಿತು, ಗೋಡೆಗೆ ಟೈಲ್ಸು ಬಂತು, ಬಿಲ್ಲಿಗೆ ಕಂಪ್ಯೂಟರ್ ಬಂತು. ಮಾಮನ ಕುರ್ಚಿ ಮಾಳಾ ಸೇರಿತು.

ಅದು ಕೆಳಗಿಳಿದದ್ದು 2016ರ ನವೆಂಬರಿನಲ್ಲಿ. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಮರುದಿನದಿಂದ ಗಲ್ಲಾದ ಸಂಕಟ ಎಂಥದೆಂದು ಹೋಟೆಲಿನವರಿಗೇ ಗೊತ್ತು. ಬ್ಯಾಂಕಿನ ಸಾಲಿನಲ್ಲಿ ನಿಂತು ತಂದ ಎರಡು ಸಾವಿರದ ಹೊಸ ನೋಟು ಹಿಡಿದು ಗಿರಾಕಿ ನಿಂತಿದ್ದಾನೆ, ಬಿಲ್ಲು ಎಪ್ಪತ್ತು ರೂಪಾಯಿ, ಚಿಲ್ಲರೆ ಎಲ್ಲಿಂದ ತರುವುದು? ತಿಂದವನನ್ನು ಬೈಯುವಂತಿಲ್ಲ, ತಿನ್ನುವವನನ್ನು ತಡೆಯುವಂತಿಲ್ಲ. ಮೂರನೆಯ ದಿನ ಮಾಲಕರು ಥಾಣೆಗೆ ಫೋನ್ ಮಾಡಿದರು: "ಮಾಮ, ಎರಡು ದಿನ ಬಂದು ಹೋಗ್ತೀರಾ?"

ಮಾಮ ಬಂದರು. ಬಂದವರು ಮೊದಲು ಮಾಡಿದ ಕೆಲಸ, ಎದುರಿನ ಸ್ಟೇಷನರಿ ಅಂಗಡಿಯಿಂದ ಉದ್ದನೆಯ ಒಂದು ಪುಸ್ತಕ ತರಿಸಿದ್ದು. ದಿನಾ ಬರುವ ಗಿರಾಕಿಗಳ ಹೆಸರು ಕೇಳಿ, ಎದುರಿಗೆ ಮೊತ್ತ ಬರೆದು, ಚಿಲ್ಲರೆ ಸಿಕ್ಕಿದಾಗ ಕೊಡಿ ಎಂದು ಕಳುಹಿಸತೊಡಗಿದರು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರಿಗೆ ಇದು ಹುಚ್ಚಾಟವೆನಿಸಿತು. "ಓಡಿ ಹೋದರೆ?" ಎಂದು ಕೇಳಿದರು. "ಎಪ್ಪತ್ತ್ ರೂಪಾಯಿಗೆ ಯಾರೂ ನೌಕರಿ ಬಿಟ್ಟ್ ಓಡಿ ಹೋಪುದಿಲ್ಲ ಮಾಣಿ" ಎಂಬ ಉತ್ತರ ಬಂತು. ಡಿಸೆಂಬರ್ ಕೊನೆಗೆ ಲೆಕ್ಕ ಹಾಕಿದಾಗ ಬಾರದೆ ಉಳಿದದ್ದು ಬೆರಳೆಣಿಕೆಯ ಕೆಲವು ಹೆಸರು ಮಾತ್ರ. ಎರಡು ದಿನಕ್ಕೆಂದು ಬಂದ ಮಾಮ ಮರಳಿ ಹೋಗಲಿಲ್ಲ. ಕುರ್ಚಿಯೂ ಮಾಳಾ ಹತ್ತಲಿಲ್ಲ.

ಹಳೆಯ ಉದ್ರಿ ಪುಸ್ತಕ

ಆ ಉದ್ದನೆಯ ಪುಸ್ತಕ ಮಾಮನ ಹೊಸ ಉಪಾಯವೇನೂ ಆಗಿರಲಿಲ್ಲ. ಅದರ ಅಜ್ಜ ಎನ್ನಬಹುದಾದ ಇನ್ನೊಂದು ಪುಸ್ತಕ ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಈಗಲೂ ಇದೆ. ಕೆಂಪು ಬಟ್ಟೆಯ ಹೊದಿಕೆ, ಅಂಚು ಗೆದ್ದಲು ತಿಂದಿದೆ. ಮೂರು ಗಂಟೆಯ ಹೊತ್ತಿನಲ್ಲಿ ಈ ಪುಸ್ತಕ ಹೊರಬಂದರೆ ಆ ದಿನ ಮಾಲಕರ ಮೊಬೈಲ್ ಮಗುಚಿ ಬಿದ್ದಿರುತ್ತದೆ ಎಂದು ಅರ್ಥ.

ಲೋವರ್ ಪರೇಲ್ ಆಗ ಗಿರಣಿಗಳ ಊರು. ಪಾಳಿ ಬದಲಾಗುವ ಭೋಂಗಾ ಕೂಗಿದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಚಹಾ, ಬಟಾಟಾ ವಡೆ, ಪಾವ್. ಪಗಾರದ ದಿನ ಲೆಕ್ಕ ತೀರಿಸುವ ಕ್ರಮ. ಹೆಸರು ಕೇಳಿ ಬರೆಯುವಷ್ಟು ಪುರುಸೊತ್ತು ಇಲ್ಲದ್ದರಿಂದ ಗುರುತು ಬರೆಯುವುದು: 'ಸಾಂಚಾ ಖಾತೆ, ದಪ್ಪ ಮೀಸೆ', 'ರಿಂಗ್ ಖಾತೆ, ತಮ್ಮನ ಜತೆ ಬರುವವ', 'ರಾತ್ರಿ ಪಾಳಿ, ಸಕ್ಕರೆ ಬೇಡ'. ಮಾಮನ ದುಂಡನೆಯ ಕನ್ನಡ ಅಕ್ಷರದಲ್ಲಿ ಮರಾಠಿ ಕಾರ್ಮಿಕರ ಒಂದಿಡೀ ಲೋಕ ಅಲ್ಲಿ ಸಾಲುಗಟ್ಟಿ ನಿಂತಿದೆ.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ವಾರವಾಯಿತು, ತಿಂಗಳಾಯಿತು, ಪಗಾರದ ದಿನ ಬರಲಿಲ್ಲ. ಪುಸ್ತಕದಲ್ಲಿ ಸಾಲುಗಳು ಬೆಳೆದವು. ಮ್ಯಾನೇಜರ್ ಮಾಮ ಹಿರಿಯ ಧಣಿಗಳ ಎದುರು, ಎಂದರೆ ಈಗಿನ ಮಾಲಕರ ಅಜ್ಜನ ಎದುರು, ಪುಸ್ತಕ ತೆರೆದಿಟ್ಟು ಏನು ಮಾಡುವುದೆಂದು ಕೇಳಿದರು. ಅಜ್ಜ ಪುಸ್ತಕ ನೋಡಲಿಲ್ಲ. ವಡೆ ನಿಲ್ಲಿಸು, ಚಹಾ ನಿಲ್ಲಿಸಬೇಡ ಎಂದರಂತೆ. ಆ ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ, ಅದು ಹಾಗೆಯೇ ಕರಗಿ ಹೋಯಿತು. ಎಷ್ಟೋ ಮಂದಿ ಕಾರ್ಮಿಕರು ಕೊಂಕಣಕ್ಕೆ, ಘಟ್ಟದ ಮೇಲಿನ ಹಳ್ಳಿಗಳಿಗೆ ಮರಳಿದರು. ಸಾಲುಗಳು ತೀರದೆ ಉಳಿದವು. ಈಗ ಫೀನಿಕ್ಸ್ ಮಿಲ್ ಇದ್ದಲ್ಲಿ ಮಾಲ್ ಇದೆ, ಕಮಲಾ ಮಿಲ್ಸ್ ಆವರಣದಲ್ಲಿ ಕಚೇರಿಗಳಿವೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಫಿಲ್ಟರ್ ಕಾಫಿಗೆ ಬರುವ ಹುಡುಗ ಹುಡುಗಿಯರಿಗೆ ಭೋಂಗಾ ಎಂದರೇನೆಂದು ಗೊತ್ತಿಲ್ಲ.

ಅಜ್ಜನನ್ನು ಮಾಲಕರು ಕಂಡದ್ದು ಫೋಟೋದಲ್ಲಿ ಮಾತ್ರ. ಗಲ್ಲಾದ ಮೇಲೆ ದಿನಾ ಹೂ ಹಾಕುವ ಫೋಟೋ. ಆ ಫೋಟೋದ ಮನುಷ್ಯ ಚಹಾ ನಿಲ್ಲಿಸಬೇಡ ಎಂದವರು ಎಂಬುದನ್ನು ಅಪ್ಪ ಹೇಳಿರಲಿಲ್ಲ. ಬಹುಶಃ ಅಪ್ಪನಿಗೆ ಹೇಳಲು ಹೊತ್ತೇ ಸಿಕ್ಕಿರಲಿಲ್ಲ. ಅದು ಹೊರಬಂದದ್ದು ಒಂದು ಮಳೆಗಾಲದ ಮಧ್ಯಾಹ್ನ, ಚಹಾದ ಪುಡಿಯ ಬ್ರಾಂಡ್ ಬದಲಿಸಬೇಕೇ ಬೇಡವೇ ಎಂಬ ಚರ್ಚೆಯ ನಡುವೆ. ಹಿರಿಯರ ಬಾಯಿಂದ ಇಂಥವು ಬರುವ ದಾರಿಯೇ ಹಾಗೆ. ಮೈಕು ಹಿಡಿದು ನಿಮ್ಮ ಅನುಭವ ಹಂಚಿಕೊಳ್ಳಿ ಎಂದರೆ ಎಲ್ಲರಿಗೂ ಗೊತ್ತಿರುವ ನಾಲ್ಕು ಮಾತು ಬರುತ್ತದೆ. ಚಹಾಪುಡಿಯ ಮಾತೆತ್ತಿದರೆ 1982 ಬರುತ್ತದೆ.

ಕೆಲ ವರ್ಷಗಳ ಹಿಂದೆ ಐವತ್ತು ದಾಟಿದ ಟ್ಯಾಕ್ಸಿ ಚಾಲಕರೊಬ್ಬರು ಬಂದು ಚಹಾ ಕುಡಿದು, ತಮ್ಮ ತಂದೆ ಗಿರಣಿಯಲ್ಲಿದ್ದವರೆಂದೂ ಈ ಹೋಟೆಲಿಗೆ ಕೊಡಬೇಕಾದ ಬಾಕಿಯ ಮಾತನ್ನು ಸಾಯುವ ತನಕ ಆಡುತ್ತಿದ್ದರೆಂದೂ ಹೇಳಿದರು. ಹೆಸರು ಕೇಳಿ ಪ್ರಯೋಜನವಿಲ್ಲ. ಮಾಮ ಖಾತೆ ಯಾವುದು, ಪಾಳಿ ಯಾವುದು, ಜತೆಗೆ ಯಾರು ಬರುತ್ತಿದ್ದರು ಎಂದು ಕೇಳುತ್ತಾ ಹೋದರು. 'ತಮ್ಮನ ಜತೆ ಬರುವವ' ಸಿಕ್ಕಿದ. ಬಾಕಿ ಹನ್ನೊಂದು ರೂಪಾಯಿ ನಲವತ್ತು ಪೈಸೆ. ಚಾಲಕರು ನೂರರ ನೋಟು ಮುಂದಿಟ್ಟರು. ಮಾಮ ಹನ್ನೆರಡು ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಹಿಂದಿರುಗಿಸಿ, ಅರವತ್ತು ಪೈಸೆ ಬಡ್ಡಿ ಎಂದು ನಕ್ಕು, ಕೆಂಪು ಪೆನ್ನಿನಿಂದ ಆ ಸಾಲಿಗೆ ಗೀಟು ಎಳೆದರು. ಪಕ್ಕದಲ್ಲೇ ಕುಳಿತಿದ್ದ ಮಾಲಕರು ಆ ದಿನ ಸಂಜೆಯ ತನಕ ಹೆಚ್ಚು ಮಾತಾಡಲಿಲ್ಲ ಎಂದು ಸಪ್ಲಾಯರುಗಳು ನೆನೆಯುತ್ತಾರೆ.

ಸಿಹಿ ಮಾತ್ರವಲ್ಲ

ಹಿರಿಯರ ಸಂಗವೆಂದರೆ ಸದಾ ಜೇನು ಎಂದು ಬರೆದರೆ ಅದು ಸನ್ಮಾನ ಪತ್ರವಾದೀತು. ಮಾಮನಿಗೆ ಎಡಗಿವಿ ಮಂದ. ಹೇಳಿದ ಕತೆಯನ್ನು ನಾಲ್ಕನೆಯ ಸಲ ಹೇಳುವಾಗಲೂ "ನಿಂಗ್ ಇದ್ ಹೇಳ್ಲಿಲ್ಲ ಅಲ್ದಾ" ಎಂದೇ ಆರಂಭಿಸುತ್ತಾರೆ. ಪಾರ್ಸೆಲಿಗೆ ಬಂದ ಡೆಲಿವರಿ ಹುಡುಗರು ಮೊಬೈಲ್ ತೋರಿಸುತ್ತ ಅವಸರ ಮಾಡುತ್ತಿರುವಾಗ ಅವರಲ್ಲಿ ಒಬ್ಬನನ್ನು ಹಿಡಿದು ಊರು ಯಾವುದು, ಊಟ ಆಯಿತಾ ಎಂದು ವಿಚಾರಿಸುತ್ತಾರೆ. ಚಟ್ನಿಗೆ ಹುರಿಗಡಲೆ ಹೆಚ್ಚಾಯಿತು, ತೆಂಗಿನಕಾಯಿ ಕಡಿಮೆಯಾಯಿತು ಎಂದು ಭಟ್ಟರೊಂದಿಗೆ ವಾರಕ್ಕೊಮ್ಮೆ ಜಗಳ. ತೆಂಗಿನಕಾಯಿಯ ದರ ನೋಡಿದ್ದೀರಾ ಎಂದು ಭಟ್ಟರು, ನಾಲಗೆಗೆ ದರ ಗೊತ್ತಾಗುವುದಿಲ್ಲ ಎಂದು ಮಾಮ. ನಡುವೆ ಮಾಲಕರು. ಒಮ್ಮೆ ಲೆಕ್ಕದ ಪುಸ್ತಕದ ಮೇಲೆಯೇ ತಲೆಯಿಟ್ಟು ನಿದ್ದೆಹೋದವರನ್ನು ಕಂಡು ಗಿರಾಕಿಯೊಬ್ಬರು ಗಾಬರಿಯಾಗಿ ನೀರು ತರಿಸಿದ್ದೂ ಉಂಟು.

ಪೇಮೆಂಟ್ ಆದಾಗ ಮೊತ್ತ ಕೂಗಿ ಹೇಳುವ ಯುಪಿಐ ಡಬ್ಬಿ ಬಂದ ಮೇಲೆ ಮಾಮನಿಗೆ ಕೆಲಸವಿಲ್ಲದಂತಾದೀತು ಎಂದು ಮಾಲಕರಿಗೆ ಅಳುಕಿತ್ತು. ಆದರೆ ಮಾಮನಿಗೆ ಆ ಡಬ್ಬಿ ಇಷ್ಟ. ಸುಳ್ಳು ಹೇಳುವುದಿಲ್ಲ, ಸಾಲ ಕೇಳುವುದಿಲ್ಲ. ಅವರ ತಕರಾರು ಬೇರೆ. ಮೊದಲು ದುಡ್ಡು ಕೊಟ್ಟು ಚಿಲ್ಲರೆ ತೆಗೆದುಕೊಳ್ಳುವಾಗ ಗಿರಾಕಿ ಅರ್ಧ ನಿಮಿಷ ಎದುರು ನಿಲ್ಲುತ್ತಿದ್ದ, ಮುಖ ನೋಡಬಹುದಿತ್ತು, ಮಗಳ ಮದುವೆಯಾಯಿತಾ ಎಂದು ಕೇಳಬಹುದಿತ್ತು. ಈಗ ಅವನು ಕುಳಿತಲ್ಲಿಂದಲೇ ಒತ್ತಿ ಎದ್ದು ಹೋಗುತ್ತಾನೆ. ಗಲ್ಲಾಕ್ಕೆ ಬರುವುದು ಬಡಿಶೇಪು ಮಾತ್ರ ಹುಡುಕಿಕೊಂಡು. ಹಾಗಾಗಿ ಬಡಿಶೇಪಿನ ಬಟ್ಟಲನ್ನು ಮಾಮ ತಮ್ಮ ಕಡೆಗೆ ಎಳೆದಿಟ್ಟುಕೊಂಡಿದ್ದಾರೆ.

ಇನ್ನೊಂದು ವಿಷಯದಲ್ಲಿ ಮಾಮ ಖಡಕ್. ತಿಂಗಳಿಗೊಮ್ಮೆ ಮಾಲಕರು ಲಕೋಟೆ ಕೊಡುತ್ತಾರೆ. ಮೊದಲ ಸಲ ಕೊಟ್ಟಾಗ ಇದನ್ನು ಯಾವ ಲೆಕ್ಕದಲ್ಲಿ ಬರೆದೆ ಎಂದು ಕೇಳಿದರು. ಸಂಕೋಚದಿಂದ, ಲೆಕ್ಕದಲ್ಲಿ ಬರೆದಿಲ್ಲ, ನಮ್ಮ ಪ್ರೀತಿಗೆ ಎಂದರು ಮಾಲಕರು. ಲಕೋಟೆ ಮೇಜಿನ ಮೇಲೇ ಉಳಿಯಿತು. ಮರುದಿನ ಸಂಬಳದ ಪುಸ್ತಕದಲ್ಲಿ ಎಲ್ಲರ ಕೆಳಗೆ ಅವರ ಹೆಸರು ಬರೆದು, ಸಹಿ ಹಾಕಿಸಿಕೊಂಡ ಮೇಲೆಯೇ ಅದು ಕಿಸೆ ಸೇರಿದ್ದು.

ಮಾತು ಬತ್ತಿದ ದಿನಗಳು

2020ರ ಮಾರ್ಚ್ ಕೊನೆಯಲ್ಲಿ ಲೋಕಲ್ ರೈಲುಗಳು ನಿಂತವು. ಹೋಟೆಲಿನ ಹುಡುಗರು ಸಿಕ್ಕ ಸಿಕ್ಕ ವಾಹನ ಹಿಡಿದು ಊರು ಸೇರಿದರು. ನಾಲ್ಕು ಮಂದಿ ಉಳಿದು ಪಾರ್ಸೆಲ್ ಮಾತ್ರ ನಡೆಯಿತು. ಮಾಮ ಥಾಣೆಯ ಏಳನೆಯ ಮಹಡಿಯಲ್ಲಿ ಬಂದಿಯಾದರು.

ಮಾಲಕರು ದಿನಾ ಮೂರು ಗಂಟೆಗೆ ಫೋನ್ ಮಾಡತೊಡಗಿದರು. "ಉಂಡ್ರಿಯಾ ಮಾಮ?" "ಉಂಡೆ." "ಆರೋಗ್ಯ?" "ಅಡ್ಡಿಲ್ಲ." ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಗಲ್ಲಾದಲ್ಲಿ ತಾಸುಗಟ್ಟಲೆ ಸಾಲದಷ್ಟು ಮಾತಿದ್ದ ಇಬ್ಬರಿಗೆ ಫೋನಿನಲ್ಲಿ ಎರಡು ನಿಮಿಷ ತುಂಬಿಸುವುದು ಕಷ್ಟವಾಯಿತು. ಮೇ ತಿಂಗಳ ಹೊತ್ತಿಗೆ ಮಾಮನ ಸೊಸೆ, ಮಾವ ಮೊದಲಿನಂತಿಲ್ಲ, ಪತ್ರಿಕೆಯ ಪುಟವನ್ನೂ ತಿರುವುತ್ತಿಲ್ಲ, ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಾರೆ ಎಂದು ತಿಳಿಸಿದರು. ಮನೆಯಲ್ಲಿ ಕೊರತೆಯೇನೂ ಇರಲಿಲ್ಲ. ಮಗ ಸೊಸೆ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಹೊತ್ತು ಹೊತ್ತಿಗೆ ಎಲ್ಲವೂ ಕೈಗೆ ಬರುತ್ತಿತ್ತು. ನೀವು ಸುಮ್ಮನೆ ಕೂತಿರಿ ಅಪ್ಪ ಎಂಬ ಪ್ರೀತಿಯ ಮಾತೂ ಬರುತ್ತಿತ್ತು.

ಒಂದು ದಿನ ಹೋಟೆಲಿನ ಉಗ್ರಾಣದಲ್ಲಿದ್ದ ಉದ್ದಿನಬೇಳೆಯ ಮೂಟೆಗಳಲ್ಲಿ ಹುಳ ಕಾಣಿಸಿತು. ಗಿರಾಕಿಯಿಲ್ಲ, ಖರ್ಚಾಗುವುದಿಲ್ಲ, ಬಿಸಾಡಲು ಮನಸ್ಸಿಲ್ಲ. ಮೂರು ಗಂಟೆಯ ಫೋನಿನಲ್ಲಿ ಮಾಲಕರು ಕ್ಷೇಮ ವಿಚಾರಿಸುವುದನ್ನು ಮರೆತು ನೇರವಾಗಿ ಮೂಟೆಯ ಮಾತೆತ್ತಿದರು. ಎಷ್ಟು ಮೂಟೆ, ಯಾವ ಮೂಲೆಯಲ್ಲಿದೆ, ಕೆಳಗೆ ಮರದ ಹಲಗೆ ಹಾಕಿದ್ದೀರಾ, ಅಕ್ಕಿ ಎಷ್ಟು ದೂರ... ಮಾಮನ ಸ್ವರವೇ ಬೇರೆಯಾಯಿತು. ಜರಡಿ ಹಿಡಿಸು, ಮಹಡಿಯ ಮೇಲೆ ಹರವಿ ಎರಡು ಬಿಸಿಲು ಕೊಡು, ಒಣಗಿದ ಕಹಿಬೇವಿನ ಎಲೆ ಮತ್ತು ಒಣಮೆಣಸು ಹಾಕಿ ಮತ್ತೆ ಕಟ್ಟು, ಅಕ್ಕಿಯನ್ನು ದೂರ ಸರಿಸು. ಆ ಫೋನು ನಲವತ್ತು ನಿಮಿಷ ನಡೆಯಿತು. ಕೊನೆಗೆ 1974ರ ಮಳೆಗಾಲದಲ್ಲಿ ಇದೇ ಉಗ್ರಾಣಕ್ಕೆ ನೀರು ನುಗ್ಗಿದ ಕತೆಯೂ ಬಂತು.

ಮರುದಿನ ಮಾಲಕರು ಫೋನ್ ಮಾಡುವ ಮೊದಲೇ ಮಾಮನ ಫೋನ್ ಬಂತು: "ಬಿಸ್ಲಿಗ್ ಹಾಕದ್ಯಾ?"

ಆಮೇಲೆ ಮಾಲಕರು ದಿನಕ್ಕೊಂದು ಸಮಸ್ಯೆ ಜೋಡಿಸಿ ಇಟ್ಟುಕೊಳ್ಳತೊಡಗಿದರು. ಕೆಲವು ನಿಜ, ಕೆಲವು ಹುಟ್ಟಿಸಿದ್ದು. ಯಾವುದು ಹುಟ್ಟಿಸಿದ್ದೆಂದು ಮಾಮನಿಗೆ ತಿಳಿಯದೆ ಇರಲಿಲ್ಲ. ಆದರೂ ಉತ್ತರ ಕೊಡುತ್ತಿದ್ದರು. ಎರಡನೆಯ ಡೋಸ್ ಆಗಿ ಹದಿನಾಲ್ಕು ದಿನ ಕಳೆದವರಿಗೆ 2021ರ ಆಗಸ್ಟ್ 15ರಿಂದ ಲೋಕಲ್ ಪ್ರಯಾಣಕ್ಕೆ ಅನುಮತಿ ಸಿಕ್ಕಿತು. ಗಣೇಶ ಚೌತಿ ಕಳೆದ ಮೇಲೆ ಮಾಮ ಮತ್ತೆ ಕರೀ ರೋಡಿನಲ್ಲಿ ಇಳಿದರು. ಈ ವಯಸ್ಸಿನಲ್ಲಿ ರೈಲು ಯಾಕೆ ಎಂದು ಮಗ ಎರಡು ದಿನ ವಾದಿಸಿ ಸೋತಿದ್ದರು. ಸೊಸೆ ಮಾತ್ರ ವಾದಿಸಲಿಲ್ಲ. ಮುಂಚಿನ ದಿನವೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದರು.

ಶಾಲು ಮತ್ತು ಸೋಮವಾರ

ಮುಂಬಯಿಯ ಸಂಘ ಸಂಸ್ಥೆಗಳಲ್ಲಿ ಹಿರಿಯರಿಗೆ ಗೌರವದ ಕೊರತೆಯಿಲ್ಲ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಶಾಲು, ಫಲಪುಷ್ಪ, ಸ್ಮರಣಿಕೆ. ಆಟಿಯ ಕೂಟದಲ್ಲಿ ಮುಂದಿನ ಸಾಲು. ಮಾಮನ ಥಾಣೆಯ ಕಪಾಟಿನಲ್ಲೂ ಇಂಥ ಮೂರು ಶಾಲುಗಳಿವೆ. ಒಂದನ್ನು ಎಸಿಯ ತಂಪಿಗೆ ಹೊದ್ದುಕೊಳ್ಳುತ್ತಾರೆ. ಕೊಟ್ಟವರ ಪ್ರೀತಿಯನ್ನು ಅವರು ಹಗುರಮಾಡುವುದಿಲ್ಲ. ಆದರೆ ಆ ಕಾರ್ಯಕ್ರಮಗಳೆಲ್ಲ ಬರುವುದು ಭಾನುವಾರ. ಸೋಮವಾರದಿಂದ ಶನಿವಾರದ ತನಕದ ಹಗಲು ಯಾರ ಕಾರ್ಯಕ್ರಮ ಪಟ್ಟಿಯಲ್ಲೂ ಇಲ್ಲ. 2011ರ ಜನಗಣತಿಯಂತೆ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. ಸಂಖ್ಯೆ ಏರುತ್ತಲೇ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಜೀವನಾಂಶ ಕೊಡಿಸಲು 2007ರ ಕಾಯ್ದೆಯಿದೆ, ತೊಂದರೆಯಲ್ಲಿರುವ ಹಿರಿಯರಿಗೆ 14567 ಎಂಬ ಸಹಾಯವಾಣಿಯಿದೆ. ಇವೆರಡನ್ನೂ ಸಂಘಗಳ ಹಿರಿಯರ ವಿಭಾಗಗಳು ಸದಸ್ಯರಿಗೆ ತಿಳಿಸಬೇಕಾದ್ದೇ. ಆದರೆ ಥಾಣೆಯ ಆ ಕಿಟಕಿಯ ಬಳಿ ಯಾವ ಕಾಯ್ದೆಯೂ ಉಲ್ಲಂಘನೆಯಾಗಿರಲಿಲ್ಲ.

ಮಾಲಕರನ್ನು ಕೇಳಿದರೆ ತಾನು ಸೇವೆಗೀವೆ ಮಾಡುತ್ತಿಲ್ಲ ಎನ್ನುತ್ತಾರೆ. ಮೂರು ಗಂಟೆಯ ಊಟಕ್ಕೆ ಜತೆ ಬೇಕು, ಅಷ್ಟೇ. ಇಬ್ಬರದೂ ಒಂದೇ ಊಟ: ಮೆನುವಿನಲ್ಲಿಲ್ಲದ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಹೋಟೆಲ್ ಸಂಘದ ಸಭೆ, ಲೈಸೆನ್ಸಿನ ತಲೆಬಿಸಿ, ಬಾಡಿಗೆಯ ಮಾತುಕತೆ, ಹೆಂಡತಿಯ ಹತ್ತಿರ ಹೇಳಿದರೆ ಆಕೆ ಚಿಂತೆ ಹಚ್ಚಿಕೊಳ್ಳುತ್ತಾಳೆ, ಸ್ನೇಹಿತರಿಗೆ ಹೇಳಿದರೆ ಊರೆಲ್ಲ ಸುದ್ದಿಯಾಗುತ್ತದೆ ಎಂಬಂಥವೆಲ್ಲ ಆ ಗಂಜಿಯ ಬಟ್ಟಲಿನ ಎದುರು ಹೊರಬರುತ್ತವೆ. ಮಾಮ ಪರಿಹಾರ ಹೇಳುವುದು ಕಡಿಮೆ. "ನಿನ್ನಪ್ಪಯ್ಯನಿಗೂ ಇದೇ ಆಯ್ತ್" ಎಂದು ಆರಂಭಿಸಿ ಅಪ್ಪ ಎಲ್ಲಿ ಎಡವಿದ್ದರು, ಆಮೇಲೆ ಹೇಗೆ ಎದ್ದರು ಎಂದು ಹೇಳುತ್ತಾರೆ. ಮಗನ ಎದುರು ಎಂದೂ ಸೋಲು ತೋರಿಸದ ಅಪ್ಪನನ್ನು ಮಾಲಕರು ಹೀಗೆ, ಅವರು ತೀರಿಹೋದ ಮೇಲೆ, ಕಂತು ಕಂತಾಗಿ ಪಡೆಯುತ್ತಿದ್ದಾರೆ. ಮಾತಿಗೆ ಬೇಸರ ಬಂದ ದಿನ ಮಂದಾರ್ತಿ ಮೇಳದ ಹಳೆಯ ಆಟಗಳಿವೆ. ಮಾಮ ಕುಳಿತಲ್ಲೇ ತಾಳ ಹಾಕುತ್ತಾರೆ, ಸ್ಟೀಲಿನ ಲೋಟ ಸಾಕು.

ನಾಲ್ಕಕ್ಕೆ ಮಾಮ ಏಳುತ್ತಾರೆ, ಕಚೇರಿ ಬಿಡುವ ಮೊದಲಿನ ಸ್ಲೋ ಲೋಕಲಿಗೆ. ಸ್ಟೇಷನ್ನಿನ ತನಕ ಹುಡುಗನನ್ನು ಜತೆಗೆ ಕಳುಹಿಸುತ್ತೇನೆ ಎಂದಾಗ ಸಿಟ್ಟಾಗಿದ್ದರು. ಹಾಗಾಗಿ ಜಾರ್ಖಂಡಿನಿಂದ ಬಂದ ಅಡುಗೆಮನೆಯ ಹುಡುಗನೊಬ್ಬನಿಗೆ ದಿನಾ ನಾಲ್ಕು ಗಂಟೆಗೇ ಕರೀ ರೋಡಿನ ಕಡೆಗೆ ಏನಾದರೊಂದು ತರುವ ಕೆಲಸ ಬೀಳುತ್ತದೆ. ಈ ನಾಟಕ ಮಾಮನಿಗೆ ಗೊತ್ತು. ಏಳುವ ಮುಂಚೆ ನಾಳೆಯ ತರಕಾರಿಯ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಅವನ ಕೈಗೇ ಕೊಡುತ್ತಾರೆ, ದಾರಿಯುದ್ದಕ್ಕೂ ಒಂದೊಂದೇ ಓದಿಸುತ್ತಾ ಹೋಗುತ್ತಾರೆ. ಬೆಂಡೆ, ತೊಂಡೆ, ನುಗ್ಗೆ, ಸೌತೆ. ಎರಡು ವರ್ಷದ ಹಿಂದೆ ಅಕ್ಷರ ಕಂಡರೆ ಗಾಬರಿಯಾಗುತ್ತಿದ್ದ ಹುಡುಗ ಮೊನ್ನೆ ಮಾಮ ಬರುವ ಮೊದಲೇ ಪಟ್ಟಿ ತಾನೇ ಬರೆದಿಟ್ಟಿದ್ದ. ಹದಿನೆಂಟು ಸಾಲು. ಮಾಮ ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಓದಿದರು. 'ತೆಂಗಿನಕಾಯಿ'ಯಲ್ಲಿ ಸೊನ್ನೆ ಬಿಟ್ಟುಹೋಗಿತ್ತು. ಕೆಂಪು ಪೆನ್ನು ತೆಗೆದು ಸೊನ್ನೆ ಹಾಕಿ, ಪಟ್ಟಿಯನ್ನು ಮಾಲಕರ ಕಡೆಗೆ ಸರಿಸಿ, ಕಾಯಿ ಇನ್ನೂ ಹತ್ತು ಹೆಚ್ಚಿಗೆ ಬರೆಸು ಎಂದರು.